ಹೊಣೆ ಯಾರ ಹೆಗಲಿಗೆ?

‘ಹೊಣೆ ನನ್ನದು’ ಎಂದ ಮಾತ್ರಕ್ಕೆ ಅದು ದೀನತೆಯಾದೀತೇ? 2022ರ ನವೆಂಬರಿನಲ್ಲಿ ಮೆಟಾ 11,000ಕ್ಕೂ ಹೆಚ್ಚು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಉದ್ಯೋಗಿಗಳನ್ನು ಕೈಬಿಟ್ಟಾಗ, ಮುಖ್ಯಸ್ಥರಿಬ್ಬರೂ ಪತ್ರ ಬರೆದು ಹೊಣೆ ತಮ್ಮದೆಂದರು. ಮಾತೇನೋ ವಿನಯದ್ದೇ. ಆದರೆ ಅವರು ಕುರ್ಚಿಯಲ್ಲಿಯೇ ಉಳಿದರು; ಭಾರ ಬಿದ್ದದ್ದು ಕೆಲಸ ಕಳೆದುಕೊಂಡವರ ಹೆಗಲಿಗೆ.

ಜಪಾನಿನ ವಿಡಿಯೋ ಆಟಗಳ ಕಂಪನಿ ನಿಂಟೆಂಡೊದ ಅಧ್ಯಕ್ಷರಾಗಿದ್ದ ಸಟೋರು ಇವಾಟಾ ಅವರ ನಡೆ ಬೇರೆ. ಕೆಲಸ ಹೋದೀತೆಂದು ಅಂಜುವವರು ಜನಮೆಚ್ಚುವ ಆಟ ರೂಪಿಸಲಾರರೆಂದು 2013ರಲ್ಲಿ ಷೇರುದಾರರ ಮುಂದೆ ವಾದಿಸಿದರು. ಮರುವರ್ಷ, ಮಾರಾಟ ಕುಸಿದ ಕಾರಣಕ್ಕೆ, ಐದು ತಿಂಗಳು ತಮ್ಮ ಅರ್ಧ ಸಂಬಳವನ್ನೇ ಬಿಟ್ಟುಕೊಟ್ಟರು. ಅಷ್ಟರಿಂದ ದೊಡ್ಡ ಕಂಪನಿ ಉಳಿದೀತೇ ಎಂದು ನಗುವವರುಂಟು. ಉಳಿಯದು, ನಿಜ. ಆದರೆ ನಷ್ಟದ ಬಿಸಿ ಮೊದಲು ಮೇಲಿನವರಿಗೆ ತಟ್ಟಿತು. ನಮ್ಮ ಮಕ್ಕಳು ದುಡಿಯುವ ಕಚೇರಿಗಳಲ್ಲಿ ಅದು ಮೊದಲು ಯಾರಿಗೆ ತಟ್ಟುತ್ತದೆ?