ತಪ್ಪು ಉತ್ತರಕ್ಕೂ ಪಾಠಯೋಜನೆಯಲ್ಲಿ ಜಾಗವಿರಲಿ

ಬೋಧನಾಭ್ಯಾಸಕ್ಕೆ ಕಂದಿಕೆರೆಗೆ ಹೋದಾಗ 7ನೇ ತರಗತಿಗೆ ಉಷ್ಣದ ಪಾಠ ಮಾಡಿದೆ. ಉಷ್ಣವು ಹೆಚ್ಚು ತಾಪದ ವಸ್ತುವಿನಿಂದ ಕಡಿಮೆ ತಾಪದ ವಸ್ತುವಿಗೆ ಹರಿಯುತ್ತದೆ ಎಂದು ಮಕ್ಕಳೆಲ್ಲ ಒಟ್ಟಿಗೆ ಹೇಳಿದರು. ಬೆಳಗ್ಗೆ ಕಾಯಿ ಸುಲಿಯುವ ಕಬ್ಬಿಣ ಮುಟ್ಟಿದರೆ ತಣ್ಣಗಿರುತ್ತದೆ, ಪಕ್ಕದ ಮಟ್ಟೆ ಅಷ್ಟು ತಣ್ಣಗಿರುವುದಿಲ್ಲ, ಏಕೆ ಎಂದು ಕೇಳಿದೆ. "ಕಬ್ಬಿಣದಾಗಿರೋ ತಂಪು ಕೈಗೆ ಬತ್ತದೆ ಸಾರ್" ಎಂದ ಒಬ್ಬ ಹುಡುಗ. ತಪ್ಪು ಎಂದು ಹೇಳಿ ಮುಂದೆ ಹೋದೆ. 40 ನಿಮಿಷದಲ್ಲಿ ಯೋಜನೆ ಮುಗಿಯಬೇಕಿತ್ತು. ಅವನು ಮತ್ತೆ ಕೈ ಎತ್ತಲಿಲ್ಲ.

ಅದು ಮನಸ್ಸನ್ನು ಕೊರೆಯಿತು. ಆ ರಾತ್ರಿ ಕಬ್ಬಿಣದ ಸಲಾಕೆಯನ್ನೂ ಒಣಗಿದ ಮಟ್ಟೆಯನ್ನೂ ತರಗತಿಯಲ್ಲೇ ಇಟ್ಟು, ಬೆಳಗ್ಗೆ ಅವನ ಕೈಗೇ ಪ್ರಯೋಗಶಾಲೆಯ ಥರ್ಮಾಮೀಟರ್ ಕೊಟ್ಟೆ. ಎರಡೂ 24 ಡಿಗ್ರಿ ಸೆಲ್ಸಿಯಸ್! ಅಂಗೈ ಚರ್ಮದ ತಾಪ ಸುಮಾರು 33 ಡಿಗ್ರಿ. ಕಬ್ಬಿಣ ಕೈಯ ಉಷ್ಣವನ್ನು ಬೇಗ ಸೆಳೆದುಕೊಳ್ಳುತ್ತದೆ. ನಾರಿನ ನಡುವೆ ಗಾಳಿ ತುಂಬಿದ ಮಟ್ಟೆ ನಿಧಾನವಾಗಿ ಸೆಳೆಯುತ್ತದೆ. "ಹಂಗಾದ್ರೆ ತಂಪು ಬರಲ್ಲ, ನಮ್ ಬಿಸಿನೇ ಹೋಗೋದು" ಎಂದ ಅವನೇ.

ನಮ್ಮ ಪಾಠಯೋಜನೆಯಲ್ಲಿ ಪೂರ್ವಜ್ಞಾನದ ಅಂಕಣವಿದೆ. ಅಲ್ಲಿ ಮಕ್ಕಳಿಗೆ ಗೊತ್ತಿರುವ ಸರಿ ಸಂಗತಿಗಳನ್ನಷ್ಟೇ ಬರೆಯುತ್ತೇವೆ. ಅವರು ಹೇಳಬಹುದಾದ ತಪ್ಪನ್ನೂ, ಅದನ್ನು ಅವರೇ ಪರೀಕ್ಷಿಸಿ ನೋಡುವ ಬಗೆಯನ್ನೂ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಪಾಠ ವೀಕ್ಷಿಸುವ ಗುರುಗಳು ಅದಕ್ಕೂ ಅಂಕ ಇಡಬೇಕು.

ಸಮಯ ಸಾಲದು ಎನ್ನಬಹುದು. ನನ್ನ ಮೊದಲ ಅವಧಿ ಸಮಯಕ್ಕೆ ಸರಿಯಾಗಿಯೇ ಮುಗಿದಿತ್ತು. ಪಾಠ ಮಾತ್ರ ಆಗಿರಲಿಲ್ಲ.