ಒಲೆ ಊರಿನಲ್ಲಿ, ಊದುಗೊಳವೆ ಸಾಲ್ಮಿಯಾದಲ್ಲಿ



ಪರದೇಶದ ಕನ್ನಡ ಸಂಘಗಳಿಗೆಲ್ಲ ಒಂದು ಅಲಿಖಿತ ನಿಯಮವಿದೆ: ರಾಜಕೀಯ ಬೇಡ, ಜಾತಿ-ಧರ್ಮದ ಮಾತು ಬೇಡ. ಯುಗಾದಿ, ರಾಜ್ಯೋತ್ಸವ, ಮಕ್ಕಳ ಹಾಡು-ಕುಣಿತ, ಕೊನೆಗೆ ಹೊಟ್ಟೆ ತುಂಬ ಊಟ. ಅಲ್ಲಿಗೆ ನಮ್ಮ ಸಾರ್ವಜನಿಕ ಜೀವನ ಮುಗಿಯಿತು. ಆದರೆ ಬಾಗಿಲಲ್ಲಿ ತಡೆದ ರಾಜಕೀಯ ಕಿಟಕಿಯಿಂದ ಒಳಗೆ ಬಂದು ಕುಳಿತಿದೆ. ವೇದಿಕೆಯ ಮೇಲೆ ತುಟಿ ಬಿಚ್ಚದ ಮಹನೀಯರು ವಾಟ್ಸಾಪಿನಲ್ಲಿ ದಿನಕ್ಕೊಂದು ಸರಕಾರ ಉರುಳಿಸುತ್ತಾರೆ, ದಿನಕ್ಕೊಂದು ಧರ್ಮಯುದ್ಧ ಸಾರುತ್ತಾರೆ!

ಅಭಿಪ್ರಾಯ ಇರಲೇಬಾರದು ಎಂಬುದು ನಮ್ಮ ವಾದವಲ್ಲ. ಊರು ಬಿಟ್ಟು ಬಂದವನಿಗೆ ಊರಿನ ಚಿಂತೆ ಹೆಚ್ಚು. ಅದು ಸಹಜ, ಒಳ್ಳೆಯದೂ ಹೌದು. ನಮ್ಮ ತಕರಾರು ಬೇರೆ. ರಾಜಕೀಯ ಅಭಿಪ್ರಾಯವನ್ನು ಹೇಳುವುದಕ್ಕೆ ಒಬ್ಬ ಪ್ರಜೆಗೆ ಕಾನೂನು ಕೊಟ್ಟ ನೇರ ದಾರಿಯೊಂದಿದೆ: ಮತ. ನಮ್ಮಲ್ಲಿ ಹೆಚ್ಚಿನವರು ಆ ದಾರಿಯನ್ನು ಕಣ್ಣೆತ್ತಿಯೂ ನೋಡಿಲ್ಲ. ಬದಲಿಗೆ ಇನ್ನೊಂದು ದಾರಿ ಹಿಡಿದಿದ್ದಾರೆ, ಬಂದದ್ದನ್ನು ಬಂದ ಹಾಗೇ ಇನ್ನೂರು ಜನರಿಗೆ ದಾಟಿಸುವುದು. ಮೊದಲನೆಯದಕ್ಕೆ ಹೊಣೆ ಇದೆ. ಎರಡನೆಯದಕ್ಕೆ ಬೆರಳು ಸಾಕು.

ಈ ಬೆರಳಿನ ಕೆಲಸ ಏನು ಮಾಡುತ್ತದೆಂದು ನೋಡೋಣ. ಕುವೈತಿನ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರು ಬಹಳ. ಬ್ಯಾರಿಗಳಿದ್ದಾರೆ, ಬಂಟರಿದ್ದಾರೆ, ಬಿಲ್ಲವರಿದ್ದಾರೆ, ಕೊಂಕಣಿ ಕ್ರೈಸ್ತರಿದ್ದಾರೆ. ಅದೇ ಕರಾವಳಿಯಲ್ಲಿ 2021ರ ಕೊನೆಗೆ ಉಡುಪಿಯ ಒಂದು ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬಿನ ವಿವಾದ ಹೊತ್ತಿಕೊಂಡಿತು. 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತದ್ವಿರುದ್ಧ ತೀರ್ಪು ಬರೆದರು. ದೇಶದ ಅತ್ಯುನ್ನತ ನ್ಯಾಯಾಲಯದಲ್ಲೇ ಒಮ್ಮತ ಬಾರದ ಪ್ರಶ್ನೆಗೆ ಗಲ್ಫಿನ ಮೊಬೈಲುಗಳಲ್ಲಿ ಎರಡೇ ಸಾಲಿನ ತೀರ್ಪು ಸಿದ್ಧವಿತ್ತು. ಅದೇ ವರ್ಷದ ಜುಲೈ ತಿಂಗಳೊಂದರಲ್ಲೇ ಬೆಳ್ಳಾರೆ ಮತ್ತು ಸುರತ್ಕಲ್ ಕಡೆ ಮೂವರು ಯುವಕರು ಕೊಲೆಯಾದರು. ಮೂರು ಮನೆಗಳ ತಾಯಂದಿರು ಎದೆ ಬಡಿದುಕೊಂಡು ಅತ್ತರು. ಇತ್ತ ಫಾರ್ವರ್ಡುಗಳು ಮಾತ್ರ ಹೆಣಗಳನ್ನು ಆಟದ ಅಂಕದಂತೆ ಎಣಿಸುತ್ತ ಹೋದವು, ನಿಮ್ಮವರೆಷ್ಟು, ನಮ್ಮವರೆಷ್ಟು ಎಂದು.

ಮುಲ್ಕಿಯ ಬಪ್ಪನಾಡು ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನ ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಆ ದೇವಿಗೆ ಗುಡಿ ಕಟ್ಟಿಸಿದನೆಂದು ಐತಿಹ್ಯ. ಸ್ಥಳಕ್ಕೇ ಅವನ ಹೆಸರು ನಿಂತಿದೆ. ಅಂಥ ಬಪ್ಪನಾಡಿನ ಜಾತ್ರೆಯಲ್ಲಿ 2022ರಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಬ್ಯಾನರು ಕಾಣಿಸಿತು. ಬಳೆ, ಕಡಲೆ, ಮಕ್ಕಳ ಆಟಿಕೆ ಮಾರುವ ಮನುಷ್ಯನಿಗೆ ಜಾತ್ರೆಯೆಂದರೆ ವರ್ಷದ ಮಳೆಗಾಲದ ಅಕ್ಕಿ. ಸಾಲ್ಮಿಯಾದ ತಂಪು ಕೋಣೆಯಲ್ಲಿ ಕುಳಿತು ಆ ಬ್ಯಾನರಿನ ಚಿತ್ರಕ್ಕೆ ಹೆಬ್ಬೆರಳೆತ್ತಿದವರ ಸಂಬಳದಲ್ಲಿ ಒಂದು ಫಿಲ್ಸೂ ಕಡಿಮೆಯಾಗಲಿಲ್ಲ. ಅದಕ್ಕೆ ಪ್ರತಿಯಾಗಿ "ನೀವೂ ಅವರ ಅಂಗಡಿಗೆ ಹೋಗಬೇಡಿ" ಎಂದು ಬರೆದವರ ಸಂಬಳದಲ್ಲೂ ಆಗಲಿಲ್ಲ. ಒಲೆ ಊರಿನಲ್ಲಿ, ಊದುಗೊಳವೆ ಸಾಲ್ಮಿಯಾದಲ್ಲಿ. ಕೈ ಸುಡುವುದು ಒಲೆಯ ಬಳಿ ಇರುವವರಿಗೆ.

ಇನ್ನು ಇದರ ವಿಚಿತ್ರ ನೋಡಿ. ಇದೇ ಮಹನೀಯರು ಇಲ್ಲಿ ಬೀದಿಗಿಳಿದರೆ ಎಷ್ಟು ಸಭ್ಯರು! ಮಲಬಾರಿನ ಕಾಕನ ಬಕಾಲಾದಲ್ಲಿ ಹಾಲು-ಖುಬ್ಬೂಸ್ ಕೊಳ್ಳುತ್ತಾರೆ, ಈದ್ ದಿನ ಪಕ್ಕದ ಮನೆಯ ಬಿರಿಯಾನಿ ಉಣ್ಣುತ್ತಾರೆ, ದೀಪಾವಳಿಗೆ ಅದೇ ಪಾತ್ರೆಯಲ್ಲಿ ಸಿಹಿ ತುಂಬಿ ಕಳಿಸುತ್ತಾರೆ. ಆಸ್ಪತ್ರೆಯಲ್ಲಿ ರಕ್ತ ಬೇಕಾದರೆ ಕೊಡುವವನ ಧರ್ಮ ಕೇಳುವುದಿಲ್ಲ. ಏಕೆ? ಸ್ವಲ್ಪ ಭಯವೂ ಇದೆ ಎಂಬುದು ನಮ್ಮ ಅನುಮಾನ. ಮತೀಯ ದ್ವೇಷ ಕೆರಳಿಸುವುದು 2012ರ ಇಲ್ಲಿಯ ರಾಷ್ಟ್ರೀಯ ಏಕತೆಯ ಕಾನೂನಿನ ಪ್ರಕಾರ ಅಪರಾಧ. ಅದರ ಮೇಲೆ 2016ರಿಂದ ಸೈಬರ್ ಅಪರಾಧಗಳ ಕಾನೂನು ಬೇರೆ. 2022ರ ಜೂನ್‌ನಲ್ಲಿ, ಭಾರತದ ರಾಜಕಾರಣಿಯೊಬ್ಬರ ಮಾತನ್ನು ಖಂಡಿಸಿ ಫಹಾಹೀಲ್‌ನಲ್ಲಿ ಪ್ರತಿಭಟನೆಗಿಳಿದ ವಿದೇಶೀಯರನ್ನು ಗಡೀಪಾರು ಮಾಡುವುದಾಗಿ ಇಲ್ಲಿಯ ಅಧಿಕಾರಿಗಳು ಹೇಳಿದ್ದು ಎಲ್ಲರಿಗೂ ನೆನಪಿರಬಹುದು. ಇಖಾಮಾದ ಭಯಕ್ಕೆ ಇಲ್ಲಿ ಮನುಷ್ಯರಂತೆ ಬಾಳಬಲ್ಲವರು, ಭಯವಿಲ್ಲದ ಕಡೆ ತಾವಾಗಿಯೇ ಯಾಕೆ ಹಾಗೆ ಬಾಳಲಾರರು? ಪೊಲೀಸರಿಗೆ ಹೆದರಿ ಬಂದ ಸಹನೆಯನ್ನು ಸಂಸ್ಕೃತಿ ಎಂದು ಕರೆಯಲು ನಾವು ಸಿದ್ಧರಿಲ್ಲ.

ಈಗ ನೇರ ದಾರಿಯ ವಿಷಯ. "ನಮಗೆಲ್ಲಿದೆ ಮಾರಾಯ್ರೇ ಮತ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಇದೆ! 2010ರಲ್ಲಿ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದಿತು. 2011ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ಉದ್ಯೋಗಕ್ಕೋ ವಿದ್ಯಾಭ್ಯಾಸಕ್ಕೋ ಹೊರದೇಶದಲ್ಲಿರುವ, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯ ತನ್ನ ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಮತದಾರನಾಗಬಹುದು. ಬೇಕಾದದ್ದು 6ಎ ಎಂಬ ಒಂದು ಅರ್ಜಿ. ಚುನಾವಣಾ ಆಯೋಗದ ತಾಣದಲ್ಲೇ ತುಂಬಬಹುದು. ಗುರುತಿನ ಚೀಟಿಯೂ ಬೇಡ, ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟು ತೋರಿಸಿದರೆ ಸಾಕು.

ತೊಡಕು ಇರುವುದು ಕೊನೆಯ ಮಾತಿನಲ್ಲಿ. ಮತಗಟ್ಟೆಗೆ ಖುದ್ದಾಗಿ ಹೋಗಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡಕ್ಕೂ ಉಡುಪಿ-ಚಿಕ್ಕಮಗಳೂರಿಗೂ ಏಪ್ರಿಲ್ 26ರಂದು ಮತದಾನ. ಆ ದಿನ ಶುಕ್ರವಾರ, ನಮಗೆ ವಾರದ ರಜೆ. ಆದರೂ ಒಂದು ಗುಂಡಿ ಒತ್ತುವುದಕ್ಕೆ ವಿಮಾನದ ಟಿಕೆಟು ಯಾರು ಕೊಂಡಾರು? ಫಲಿತಾಂಶ ಲೆಕ್ಕದಲ್ಲೇ ಇದೆ. ಆ ಚುನಾವಣೆಯಲ್ಲಿ ಇಡೀ ಪ್ರಪಂಚದಿಂದ ಹೆಸರು ನೋಂದಾಯಿಸಿದ ಅನಿವಾಸಿ ಮತದಾರರು ಸುಮಾರು 1 ಲಕ್ಷ 19 ಸಾವಿರ. ಹೋಗಿ ಮತ ಹಾಕಿದವರು ಮೂರು ಸಾವಿರದೊಳಗೆ. ನೋಂದಾಯಿಸಿದವರಲ್ಲೂ ಮತ ಹಾಕಿದವರಲ್ಲೂ ಬಹುಪಾಲು ಕೇರಳದವರು. ಕುವೈತೊಂದರಲ್ಲೇ ಭಾರತೀಯರು ಹತ್ತು ಲಕ್ಷದ ಆಸುಪಾಸು. ಇಷ್ಟು ದೊಡ್ಡ ಬಾಯಿಗೆ ಇಷ್ಟು ಚಿಕ್ಕ ಕೈಯೇ?

ನಮ್ಮ ನೆರೆಯವರನ್ನು ನೋಡಿ. ಇದೇ ಕುವೈತಿನಲ್ಲಿ ಮನೆಗೆಲಸ ಮಾಡುವ ಫಿಲಿಪೀನ್ಸಿನ ಹೆಣ್ಣುಮಗಳು 2022ರಲ್ಲಿ ತನ್ನ ದೇಶದ ಅಧ್ಯಕ್ಷನ ಆಯ್ಕೆಗೆ ಇಲ್ಲಿಯ ರಾಯಭಾರ ಕಚೇರಿಯಲ್ಲೇ ಮತ ಹಾಕಿದಳು. 2023ರ ಡಿಸೆಂಬರಿನಲ್ಲಿ ಈಜಿಪ್ಟಿನವರು ತಮ್ಮ ರಾಯಭಾರ ಕಚೇರಿಯಲ್ಲಿ ಮತ ಹಾಕಿದರು. ಪ್ರಪಂಚದ ಅತಿ ದೊಡ್ಡ ಪ್ರಜಾಪ್ರಭುತ್ವ ಎಂದು ಎದೆ ತಟ್ಟಿಕೊಳ್ಳುವ ನಮಗೆ ಮಾತ್ರ ಅದು ಅಸಾಧ್ಯವೇ?

ಪ್ರಯತ್ನವೇ ನಡೆದಿಲ್ಲವೆಂದಲ್ಲ. ಅನಿವಾಸಿಯ ಪರವಾಗಿ ಊರಿನಲ್ಲಿರುವವರೊಬ್ಬರು ಮತ ಹಾಕುವ ಮಸೂದೆಗೆ ಲೋಕಸಭೆ 2018ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆಯಲ್ಲಿ ಅದು ಮುಂದೆ ಹೋಗದೆ, 2019ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು ಎಂಬುದು ನಮ್ಮ ಮತ. ಭಾವನ ಕೈಗೋ ಅಣ್ಣನ ಕೈಗೋ ಕೊಟ್ಟ ಮತ ಗುಟ್ಟಾಗಿ ಉಳಿಯುವುದಿಲ್ಲ, ನಮ್ಮದಾಗಿಯೂ ಉಳಿಯುವುದಿಲ್ಲ. ಅದಕ್ಕಿಂತ ಉತ್ತಮ ಉಪಾಯವನ್ನು ಚುನಾವಣಾ ಆಯೋಗವೇ 2020ರ ನವೆಂಬರಿನಲ್ಲಿ ಸರಕಾರದ ಮುಂದಿಟ್ಟಿತು. ಗಡಿಯಲ್ಲಿರುವ ಸೈನಿಕನಿಗೆ ಮತಪತ್ರ ಕಂಪ್ಯೂಟರಿನ ಮೂಲಕ ಬರುತ್ತದೆ, ಅವನು ಅಚ್ಚು ತೆಗೆದು ಗುರುತು ಹಾಕಿ ಅಂಚೆಯಲ್ಲಿ ಕಳಿಸುತ್ತಾನೆ. ಅದೇ ಸೌಕರ್ಯ ಅನಿವಾಸಿಗೂ ಸಿಗಲಿ ಎಂಬ ಪ್ರಸ್ತಾಪ ಅದು. 2024ರ ಚುನಾವಣೆಯ ಹೊತ್ತಿಗೂ ಅದು ಜಾರಿಗೆ ಬರಲಿಲ್ಲ.

"ಊರಿನಲ್ಲಿ ಇಲ್ಲದವರಿಗೆ ಊರಿನ ಮತ ಯಾಕೆ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಮೆರಿಕಕ್ಕೆ ಹೋದವನು ಅಲ್ಲಿಯ ಪೌರನಾಗಬಹುದು. ಗಲ್ಫಿಗೆ ಬಂದವನು ಮೂವತ್ತು ವರ್ಷ ದುಡಿದರೂ ಇಲ್ಲಿಯವನಾಗುವುದಿಲ್ಲ. ಇಂದಲ್ಲ ನಾಳೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೇ ಹೋಗಬೇಕು. ನಮ್ಮಲ್ಲಿ ಎಷ್ಟೋ ಮಂದಿ ಇಲ್ಲಿಗೆ ಬಂದದ್ದೇ 1983ರ ವಲಸೆ ಕಾಯಿದೆಯ ಪ್ರಕಾರ ಅನುಮತಿ ಪಡೆದು. ಅಂಥ ಕಾಯಿದೆಗಳನ್ನು ಬರೆಯುವವರನ್ನು ಆರಿಸುವ ಹಕ್ಕು ನಮಗಿಲ್ಲದಿದ್ದರೆ ಇನ್ನಾರಿಗೆ? 2024ರ ಜೂನ್ 12ರ ಮುಂಜಾನೆ ಮಂಗಫ್‌ನ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದಾಗ ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು ತೀರಿಕೊಂಡರು. ವಾಯುಪಡೆಯ ವಿಮಾನ ಶವಪೆಟ್ಟಿಗೆಗಳನ್ನು ಹೊತ್ತು ಕೊಚ್ಚಿಗೆ ಹೋಯಿತು. ವಸತಿ, ವಿಮೆ, ಏಜೆಂಟರ ಮೇಲೆ ಹಿಡಿತ, ಸತ್ತವನ ಮನೆಗೆ ಪರಿಹಾರ - ಇವೇ ನಮ್ಮ ನಿಜವಾದ ರಾಜಕೀಯ. ಇವುಗಳಲ್ಲಿ ಹಿಂದೂ-ಮುಸ್ಲಿಂ-ಕ್ರೈಸ್ತ ಎಂಬ ಭೇದವಿಲ್ಲ. ಇವುಗಳ ಬಗ್ಗೆ ಫಾರ್ವರ್ಡು ಬರುವುದು ಮಾತ್ರ ಬಲು ಅಪರೂಪ!

ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು, 2008ರಲ್ಲಿ ಅನಿವಾಸಿಗಳ ಕ್ಷೇಮನಿಧಿಗೆ ಕಾಯಿದೆಯನ್ನೇ ಮಾಡಿತು. ಅಲ್ಲಿಯ ರಾಜಕಾರಣಿಗಳು ನಮ್ಮವರಿಗಿಂತ ಕರುಣಾಳುಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಗಲ್ಫಿನವನ ಮನೆಯಲ್ಲಿ ಎಷ್ಟು ಮತಗಳಿವೆ ಎಂಬ ಲೆಕ್ಕ ಅವರಿಗೆ ಗೊತ್ತು, ಅಷ್ಟೆ. 2024ರ ಡಿಸೆಂಬರಿನಲ್ಲಿ ನಮ್ಮ ಪ್ರಧಾನಿಗಳು ಕುವೈತಿಗೆ ಬಂದರು. 1981ರಲ್ಲಿ ಇಂದಿರಾ ಗಾಂಧಿಯವರು ಬಂದುಹೋದ ಮೇಲೆ ಅದೇ ಮೊದಲು. ಜಯಕಾರ ಮುಗಿಲು ಮುಟ್ಟಿತು. ಜಯಕಾರ ಹಾಕಿದ್ದು ತಪ್ಪಲ್ಲ, ಹಾಕದೆ ಮನೆಯಲ್ಲಿ ಉಳಿದದ್ದೂ ತಪ್ಪಲ್ಲ. ಎರಡೂ ಬಣದವರಿಗೆ ನಮ್ಮದು ಒಂದೇ ಪ್ರಶ್ನೆ: ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ?

"ಟಿಕೆಟಿಗೆ ದುಡ್ಡಿಲ್ಲದ ಮೇಲೆ ಹೆಸರು ಬರೆಸಿ ಏನು ಪ್ರಯೋಜನ?" ಎನ್ನಬೇಡಿ. ಹಸಿದವನು ತಟ್ಟೆ ಇಡದಿದ್ದರೆ ಬಡಿಸುವವನಿಗೆ ಹಸಿವು ಕಾಣಿಸುವುದಿಲ್ಲ. ಒಂದು ಲಕ್ಷ ಹೆಸರನ್ನು ದೆಹಲಿ ಮರೆತೀತು. ಇಪ್ಪತ್ತು ಲಕ್ಷ ಹೆಸರಾದರೆ ಅಂಚೆಯ ಮತಪತ್ರ ತಾನಾಗಿ ಹುಡುಕಿಕೊಂಡು ಬಂದೀತು.

ಆದ್ದರಿಂದ ಸದಸ್ಯ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಹದಿನೆಂಟು ತುಂಬಿದ ಎಲ್ಲರ ಪಾಸ್‌ಪೋರ್ಟು ತೆಗೆದು, ಒಂದು ಶುಕ್ರವಾರ ಸಂಜೆ ಕುಳಿತು 6ಎ ಅರ್ಜಿ ತುಂಬಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಶಾಸಕರೋ ಸಂಸದರೋ ಸಿಕ್ಕರೆ, ಫೋಟೋ ತೆಗೆಸಿಕೊಳ್ಳುವ ಮೊದಲು ಅಂಚೆಯ ಮತಪತ್ರ ಏನಾಯಿತೆಂದು ಕೇಳಿ. ಬೇರೆ ಧರ್ಮದವರನ್ನು ಹೀನಾಯವಾಗಿ ಕಾಣುವ ಸಂದೇಶ ಕೈಗೆ ಬಂದರೆ, ಯಾರೇ ಕಳಿಸಿರಲಿ, ಅದು ನಿಮ್ಮ ಕೈಯಲ್ಲೇ ಸಾಯಲಿ. ಯಾವ ಪಕ್ಷಕ್ಕೆ ಮತ ಎಂಬುದು ನಿಮ್ಮ ಗುಟ್ಟು. ಅದನ್ನು ನಾವು ಕೇಳುವುದಿಲ್ಲ, ಸಂಘವೂ ಕೇಳಬಾರದು.

ಇದು ನಮ್ಮ ಅನಿಸಿಕೆ. ಒಪ್ಪದವರು ಎರಡು ಪುಟ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರಲಿ. ಒಂದೇ ಒಂದು ಷರತ್ತು: ಬರಹದ ಕೆಳಗೆ ನಿಮ್ಮ ಹೆಸರಿರಲಿ, ಮತದಾರರ ಪಟ್ಟಿಯಲ್ಲೂ ಇರಲಿ.