ಲೆಕ್ಕ ತಾಳೆ ಆಯ್ತು ಅಂದ್ರೆ ಸರಿ ಇದೆ ಅಂತಲ್ಲ (ಭಾಗ 6)

18,947,668,177,995,426,462,773,730

ಈ ನಂಬರ್ ಒಂದ್ಸಲ ಬಾಯಿಬಿಟ್ಟು ಓದಿ ನೋಡೋಣ. 26 ಅಂಕಿ. ನಮ್ಮ ಭಾಷೇಲಿ ಹೇಳೋದಾದ್ರೆ ಸುಮಾರು 18,947 ಕೋಟಿ ಕೋಟಿ ಕೋಟಿ. ಕೋಟಿ ಮೂರು ಸಲ, ಟೈಪಿಂಗ್ ತಪ್ಪಲ್ಲ.

1980ರ ಜೂನ್ 18, ಲಂಡನ್‌ನ ಇಂಪೀರಿಯಲ್ ಕಾಲೇಜು. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ 13 ಅಂಕಿಯ ಎರಡು ಸಂಖ್ಯೆ ಕೊಟ್ರು: 7,686,369,774,870 ಮತ್ತು 2,465,099,745,779. ಇವೆರಡನ್ನ ಮನಸ್ಸಲ್ಲೇ ಗುಣಿಸಿ ಮೇಲಿನ ಉತ್ತರ ಹೇಳೋಕೆ ಅವರಿಗೆ ಹಿಡಿದಿದ್ದು 28 ಸೆಕೆಂಡ್.

ಎಲ್ರೂ ಶೇರ್ ಮಾಡೋದು ಆ 28 ಸೆಕೆಂಡನ್ನೇ. ಹೋದ ವಾರ ನಾನೂ ಸ್ಟೋರಿ ಹಾಕಿದ್ದೆ. ಆದ್ರೆ 995 ಇರೋ ಕಡೆ 959 ಅಂತ ಟೈಪ್ ಮಾಡಿದ್ದೆ. ಒಬ್ರೂ ಹಿಡೀಲಿಲ್ಲ. ಬೆಂಕಿ ಇಮೋಜಿ ಮಾತ್ರ ಚೆನ್ನಾಗಿ ಬಂದ್ವು!

ನನ್ನ ತಕರಾರು ಇಷ್ಟೇ. 28 ಸೆಕೆಂಡಲ್ಲಿ ಗುಣಿಸೋದು ನಮ್ಮ ಕೈಲಾಗಲ್ಲ, ಬಿಡಿ. ಉತ್ತರ ಸರಿ ಇದೆಯಾ ಅಂತ ನೋಡೋದು ಕೈಲಾಗುತ್ತೆ. ಅದನ್ನ ಮಾತ್ರ ಯಾರೂ ಮಾಡಲ್ಲ.

ಅಂಕಿಗಳನ್ನ ಕೂಡ್ತಾ ಹೋಗಿ. ಮೊದಲನೇದು 78, ಅದು 15, ಅದು 6. ಎರಡನೇದು 74, ಅದು 11, ಅದು 2. ಆರೆರಡ್ಲ ಹನ್ನೆರಡು, ಅಂದ್ರೆ 3. ಈಗ ಉತ್ತರದ ಅಂಕಿಗಳು: 138, ಅದು 12, ಅದು 3. ತಾಳೆ ಆಯ್ತು.

ಆದ್ರೆ ನನ್ನ ತಪ್ಪು ನಂಬರೂ ಈ ಪರೀಕ್ಷೇಲಿ ಪಾಸ್! ಅಂಕಿ ಅದಲುಬದಲಾದ್ರೆ ಮೊತ್ತ ಬದಲಾಗಲ್ಲ ಅಲ್ವಾ, ಅಲ್ಲೂ 138ೇ.

ಅದಕ್ಕೆ 11ರ ಪರೀಕ್ಷೆ ಬೇಕು. ಕೊನೇ ಅಂಕಿಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿ ಕೂಡಿ, ಬಿಟ್ಟಿದ್ದನ್ನ ಬೇರೆ ಕೂಡಿ. ಎರಡನೇ ಸಂಖ್ಯೇಲಿ ಮಾಡಿದ್ರೆ 37 ಮತ್ತು 37. ಎರಡೂ ಸಮ ಬಂದ್ರೆ ಅದು 11ರಿಂದ ಭಾಗ ಹೋಗುತ್ತೆ. ಹಾಗಿದ್ಮೇಲೆ ಗುಣಲಬ್ಧವೂ ಹೋಗ್ಲೇಬೇಕು. ಶಕುಂತಲಾ ದೇವಿ ಹೇಳಿದ ಉತ್ತರದಲ್ಲಿ 69 ಮತ್ತು 69. ನಂಗೆ ನಿಜವಾಗ್ಲೂ ಮೈ ಜುಮ್ ಅಂತು. ನನ್ನ ಸ್ಟೋರೀಲಿದ್ದ ನಂಬರಲ್ಲಿ 73 ಮತ್ತು 65. ಸಿಕ್ಕಿಬಿದ್ದೆ.

"ಇದ್ರಿಂದ ಏನ್ ಉಪಯೋಗ ಗುರೂ" ಅಂತೀರ, ಗೊತ್ತು.

ಡಿಸೆಂಬರಲ್ಲಿ ಅಪ್ಪನ ದಿನಸಿ ಅಂಗಡಿ ಗಲ್ಲದಲ್ಲಿ 450 ರೂಪಾಯಿ ಕಡಿಮೆ ಬಂತು. ಆವತ್ತು ಮಧ್ಯಾಹ್ನ ಗಲ್ಲದ ಹತ್ರ ಇದ್ದಿದ್ದು ಕೆಲಸದ ಹುಡುಗ. ಅಪ್ಪ ಬಾಯಿಬಿಟ್ಟು ಏನೂ ಹೇಳ್ಲಿಲ್ಲ. ಆದ್ರೆ ಅವನ ಕಡೆ ನೋಡಿದ ರೀತಿ ನಂಗೂ ಕಾಣ್ತು, ಅವನಿಗೂ ಕಾಣ್ತು.

450 ಒಂಬತ್ತರಿಂದ ಭಾಗ ಹೋಗುತ್ತೆ. ಟ್ರಯಲ್ ಬ್ಯಾಲೆನ್ಸ್ ಮಾಡಿದವರಿಗೆ ಇದು ಗೊತ್ತಿರಬೇಕು: ಎರಡು ಅಂಕಿ ಅದಲುಬದಲಾದ್ರೆ ಬರೋ ವ್ಯತ್ಯಾಸ ಯಾವಾಗ್ಲೂ 9ರ ಗುಣಕ. (94ರಲ್ಲಿ 49 ಕಳೀರಿ, 45.) ಹಾಗಂತ 9ರಿಂದ ಭಾಗ ಹೋಗಿದ್ದೆಲ್ಲ ಅದಲುಬದಲೇ ಅನ್ನೋ ಗ್ಯಾರಂಟಿ ಏನಿಲ್ಲ, ಕಳ್ಳನೂ 450 ತಗೋಬಹುದು. ಆದ್ರೆ ಮೊದಲು ಹುಡುಕಬೇಕಾದ್ದು ಹುಡುಗನ ಜೇಬಲ್ಲ, ಬುಕ್ಕು. ಹುಡುಕಿದೆ. ಎಣ್ಣೆ ಏಜೆನ್ಸಿಗೆ ಕೊಟ್ಟಿದ್ದು 5,940, ಬುಕ್ಕಲ್ಲಿ ಬರೆದಿದ್ದು 5,490. ಅಕ್ಷರ ಅಪ್ಪಂದೇ.

ಅಪ್ಪ ತಪ್ಪನ್ನ ಹೊಡೆದು ಸರಿ ಮಾಡಿದ್ರು. ಹುಡುಗನಿಗೆ ಒಂದು ಟೀ ತರಿಸಿಕೊಟ್ರು. ಸಾರಿ ಅಂತೂ ಹೇಳ್ಲಿಲ್ಲ. ಅದರ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಹೋದ ವಾರದ ಸ್ಟೋರಿ ಸ್ಕ್ರೀನ್‌ಶಾಟ್ ತಗೊಂಡವರು 959 ಇರೋ ಕಡೆ 995 ಮಾಡ್ಕೊಳ್ಳಿ. ಈ ಪೋಸ್ಟ್‌ನ ಮೇಲಿರೋ ನಂಬರನ್ನೂ ಒಂದ್ಸಲ ಕೂಡಿ ನೋಡಿ, 69 ಮತ್ತು 69 ಬರ್ಲಿಲ್ಲ ಅಂದ್ರೆ ಕಾಮೆಂಟಲ್ಲಿ ಬೈಯಿರಿ.